ಉತ್ತಯ್ಯನವರ ‘ಯಾಕಿರಬಹುದು?’

ಟಿಕ್‌ ಟಿಕ್‌ ಎನ್ನುತ್ತ ತಿರುಗುತ್ತಿದ್ದ ಸೈಕಲ್ಲಿನ ಹಿಂದಿನ ಚಕ್ರದ ಸದ್ದು ಬಿಡಿಬಿಡಿಯಾಗಿ, ಕಡೆಗೆ ನಿಂತೇಹೋಗುವವರೆಗೂ ಉತ್ತಯ್ಯನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಎಡಗಿವಿಯನ್ನು ಮುಂದೆ ಮಾಡಿ ನಿಂತಿದ್ದರು. ಯಂತ್ರದ ಎದುರು ಕನ್ನಡಕ ತೆಗೆಯುವುದು ಅವರ ರೂಢಿ. ಕಣ್ಣು ಬಣ್ಣವನ್ನೂ ಕಂಪನಿಯ ಹೆಸರನ್ನೂ ನೋಡಿ ತೀರ್ಪು ಕೊಟ್ಟುಬಿಡುತ್ತದೆ, ಕಿವಿಗೆ ಅಷ್ಟು ಅವಸರವಿಲ್ಲ ಎಂಬುದು ಅವರ ನಂಬಿಕೆ.

ಲಿಖಿತಾಳಿಗೆ ಮಾತ್ರ ಅವಸರವಿತ್ತು. ಕುಶಾಲನಗರದ ಕಡೆಯ ಈ ಹುಡುಗಿ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುತ್ತಾಳೆ. ಗುಡ್ಡದ ಮೇಲೆ ತಾನು ನೆಟ್ಟ ಸಸಿಗಳನ್ನು ಅಳೆಯಲು ವಾರವಾರವೂ ಯಾರದಾದರೂ ಬೈಕಿಗೆ ಕಾದು ಸಾಕಾಗಿ, ಕುಟ್ಟದಲ್ಲಿ ಒಬ್ಬರಿಂದ ಈ ಹಳೆಯ ಮೌಂಟನ್ ಸೈಕಲ್ ಕೊಂಡಿದ್ದಳು. ಬೇಡವಾದರೆ ಇವತ್ತು ಸಂಜೆ ನಾಲ್ಕರೊಳಗೆ ಹೇಳಬೇಕು, ಆಮೇಲೆ ವಾಪಸಿಲ್ಲ ಎಂದಿದ್ದರು ಮಾರಿದವರು. ಒಂದಕ್ಕೊಂದು ಹೊಂದದ ಅದರ ಭಾಗಗಳನ್ನು ಕಂಡು ಹಾಸ್ಟೆಲಿನ ಗೆಳತಿಯರು ನಕ್ಕಿದ್ದರಿಂದ, ಅದನ್ನು ತೋರಿಸಿ ಕೇಳಲೆಂದು ಉತ್ತಯ್ಯನವರ ಮನೆಗೆ ತಂದಿದ್ದಳು.

“ಬ್ರೇಕು, ಚಕ್ರ ಎಲ್ಲ ಒಳ್ಳೇವೇ ಅಂಕಲ್. ಹಿಂದಿನ ಗೇರ್ ಮಾತ್ರ ಯಾವುದೋ ಅಗ್ಗದ್ದು ತಂದು ಸಿಕ್ಕಿಸವ್ರೆ. ಪೆಡಲ್ ಹತ್ರ ಮೂರು ಹಲ್ಲುಚಕ್ರ ಇರಬೇಕಿತ್ತು, ಒಂದೇ ಇದೆ. ನಂಗೆ ಟೋಪಿ ಹಾಕವ್ರೆ, ಅಲ್ವಾ?”

“ಯಾಕಿರಬಹುದು?” ಎಂದರು ಉತ್ತಯ್ಯನವರು.

ಯಾವ ಪ್ರಶ್ನೆಗೂ ಅವರ ಮೊದಲ ಉತ್ತರ ಅದೇ. ಜಗಲಿಯಲ್ಲಿ ಮೆಣಸು ಆರಿಸುತ್ತಿದ್ದ ಅವರ ಹೆಂಡತಿ ಯಮುನ ತಲೆಯೆತ್ತದೆಯೇ, “ಸಾರಿಗೆ ಉಪ್ಪಿಲ್ಲದಿದ್ರೂ ಇವರು ಯಾಕಿರಬಹುದು ಅಂತಲೇ ಕೂರ್ತಾರೆ ಮಗಳೇ. ಉಪ್ಪಿನ ಡಬ್ಬ ಮೂಗಿನ ಕೆಳಗೇ ಇರ್ತದೆ,” ಎಂದರು.

ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಯಂತ್ರ ರಿಪೇರಿಯ ಫಿಟ್ಟರ್ ಆಗಿದ್ದವರು ಉತ್ತಯ್ಯನವರು. ಖಾಕಿ ಕೋಟಿನ ಎಡಜೇಬಿನಲ್ಲಿ ಸ್ಪ್ಯಾನರುಗಳನ್ನು ಹೊತ್ತು ಹೊತ್ತು, ಕೋಟು ಹಾಕದ ದಿನವೂ ಎಡಕ್ಕೆ ವಾಲಿಯೇ ನಡೆಯುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಲ್ಲಿ ಹಿತ್ತಾಳೆಯ ಸಣ್ಣ ಪಿನ್ನೊಂದು ಪದೇಪದೇ ಮುರಿಯುವುದನ್ನು ಕಂಡು ಬೇಸತ್ತು, ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಪಿನ್ನು ಹಾಕಿ ಹೆಮ್ಮೆಪಟ್ಟಿದ್ದರಂತೆ. ಹಣ್ಣಿನ ಜೊತೆ ಕಲ್ಲು ಬಂದಾಗ ಪಿನ್ನು ಮುರಿಯಲಿಲ್ಲ, ಒಳಗಿನ ಡ್ರಮ್ಮೇ ಹರಿಯಿತು. ಕೊಯ್ಲಿನ ಭರಾಟೆಯ ದಿನಗಳು. ಯಂತ್ರ ನಿಂತು, ಕೊಯ್ದ ಹಣ್ಣು ರಾಶಿ ರಾಶಿಯಾಗಿ ಹುಳಿತು ನಾರಿತು. ಡ್ರಮ್ಮನ್ನು ಉಳಿಸಲೆಂದೇ ಯಾರೋ ಬಲ್ಲವರು ಆ ಪಿನ್ನನ್ನು ಮೆದುವಾಗಿ ಇಟ್ಟಿದ್ದರೆಂದು ಅವರಿಗೆ ಆಗ ತಿಳಿಯಿತು. ದುರ್ಬಲವಾಗಿ ಕಂಡ ಯಾವುದನ್ನೂ ಕಾರಣ ತಿಳಿಯದೆ ಅವರು ಮತ್ತೆ ಕಿತ್ತದ್ದಿಲ್ಲ.

“ಕಾಡುದಾರೀಲಿ ಕಲ್ಲಿಗೆ, ಬೇರಿಗೆ ಮೊದಲು ತಾಗೋದು ಯಾವುದು?” ಎಂದು ಕೇಳಿದರು ಉತ್ತಯ್ಯನವರು.

ಲಿಖಿತಾ ಬಗ್ಗಿ ನೋಡಿದಳು. ಹಿಂದಿನ ಚಕ್ರದ ಪಕ್ಕ, ಎಲ್ಲಕ್ಕಿಂತ ಕೆಳಗೆ ಗೇರಿನ ಪುಟ್ಟ ತೋಳು ಜೋತಾಡುತ್ತಿತ್ತು.

“ಮುರಿದ್ರೂ ಸಂಕಟ ಆಗದ ಅಗ್ಗದ್ದನ್ನ ಅಲ್ಲಿ ಹಾಕಿದ್ದಾನೆ, ಹಿಂದೆ ಓಡಿಸ್ತಿದ್ದವನು. ನಿಲ್ಲಿಸೋ ಬ್ರೇಕಲ್ಲಿ ಜಿಪುಣತನ ಮಾಡಿಲ್ಲ. ಮುಂದಿನ ಹಲ್ಲುಚಕ್ರ ನೋಡು, ಚಿಕ್ಕದು, ಏರಿಗೆ ಆಗೋದು. ಬೇರೆ ಎರಡಿದ್ದಿದ್ರೆ ನಮ್ಮ ಕೆಸರಲ್ಲಿ ಚೈನು ಸಿಕ್ಕಿಕೊಳ್ತಿತ್ತು.” ಹೀಗೆಂದು ಅವಳಿಂದ ಹ್ಯಾಂಡಲ್ಲನ್ನು ಒತ್ತಿಸಿದರು. ಮೈಭಾರವೆಲ್ಲ ಹಾಕಿದರೂ ಮುಂದಿನ ಚಕ್ರವನ್ನು ಹಿಡಿದ ಸ್ಪ್ರಿಂಗಿನ ಫೋರ್ಕು ಕುಗ್ಗಲಿಲ್ಲ. “ಇದು ಮಾತ್ರ ನಿಂದಲ್ಲ. ಓಡಿಸಿದವನು ನಿನ್ನ ಎರಡರಷ್ಟು ಇದ್ದ. ಸ್ಪ್ರಿಂಗು ಅವನ ತೂಕದ್ದು.”

“ಹಂಗಾದ್ರೆ ಇಟ್ಕೊಳ್ಲಾ, ವಾಪಸ್ ಕೊಡ್ಲಾ?”

“ಏರು ಅಲ್ಲಿದೆ,” ಎಂದು ತೋಟದ ದಾರಿಯನ್ನು ತೋರಿಸಿದರು.

ಅವಳು ಸೈಕಲ್ ಹತ್ತಿ ಹೋದಳು. ಇಳಿದು ತಳ್ಳದೆ ತುದಿ ಮುಟ್ಟಿ, ಹಿಂದಿರುಗುವಾಗ ಕಲ್ಲುಕಲ್ಲಿಗೂ ಅಂಗೈ ಜುಮ್ಮೆನ್ನಿಸಿಕೊಂಡು, ಕೆಂಪಗಿನ ಮುಖದಲ್ಲಿ ಬಂದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮಾರಿದವರಿಗೆ ಫೋನು ಮಾಡಿ, “ಸೈಕಲ್ ನಂಗೇ ಇರ್ಲಿ ಸಾರ್,” ಎಂದಳು.

ಇನ್ನೊಬ್ಬರ ಕೈಕೆಲಸದಲ್ಲಿ ಮೋಸವನ್ನು ಹುಡುಕುವ ಮೊದಲು ಯೋಚನೆಯನ್ನು ಹುಡುಕುವವರು ಊರಿಗೊಬ್ಬರಾದರೂ ಇರುತ್ತಾರೆ. ಕಾರಣವನ್ನು ತೋರಿಸಿಕೊಡುವುದಷ್ಟೇ ತಮ್ಮ ಪಾಲಿನದೆಂದು ತಿಳಿದು, ತೀರ್ಮಾನವನ್ನು ಕೇಳಿದವರಿಗೇ ಬಿಡುತ್ತಾರೆ. ಧನ್ಯವಾದಕ್ಕೆ ಕಾಯುವಷ್ಟು ಹೊತ್ತು ಅವರಿಗೆ ಎಂದೂ ಇರುವುದಿಲ್ಲ.

“ಮೆದು ಸ್ಪ್ರಿಂಗ್ ಮೈಸೂರಲ್ಲಿ ಸಿಗುತ್ತಾ ಅಂಕಲ್, ಇಲ್ಲ ತರಿಸ್ಬೇಕಾ? ಆಮೇಲೆ ಈ ಸೀಟು…” ಎನ್ನುತ್ತ ಲಿಖಿತಾ ತಿರುಗುವಷ್ಟರಲ್ಲಿ ಉತ್ತಯ್ಯನವರು ಕಾಫಿ ಒಣಹಾಕಿದ ಕಣವನ್ನು ದಾಟಿ, ತೋಟದೊಳಕ್ಕೆ ಇಳಿದು ಹೋಗುತ್ತಿದ್ದರು.