ಪಂಪ್‌ಹೌಸಿನ ಬಲ್ಬು ಮಿಟುಕಿದ್ದು

ಬೆಳಗ್ಗೆ ಫೋನಿನಲ್ಲಿ ಆನೆಗಳ ಸುದ್ದಿ ಬಂದಾಗಿನಿಂದ ಸುಚಿತ್ರಾಳಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಹಿಂಡು ಹೊಂಗಡಹಳ್ಳದ ಕಡೆ ಇದೆ ಎಂದು ಒಬ್ಬರು ಬರೆದರೆ, ಇಲ್ಲ, ಹೊಳೆ ದಾಟಿ ಈಚೆ ಬಂದಾಗಿದೆ ಎಂದು ಇನ್ನೊಬ್ಬರು. ಮಗಳು ಸೌಜನ್ಯ ಸಕಲೇಶಪುರದ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದಳು. ವಾಪಸು ಬರುವ ಜೀಪು ಕೆಳಗಿನ ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಪಂಪ್‌ಹೌಸಿನ ಮುಂದೆ ಹಾದು, ತೋಟದೊಳಗೆ ನಡೆದೇ ಬರಬೇಕು. ಸುಚಿತ್ರಾ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದಳು, ಒಲೆ ಹಚ್ಚಿದಳು, ಅಂಗಳಕ್ಕೆ ಬಂದು ನೋಡಿದಳು, ಮತ್ತೆ ಒಳಗೆ ಹೋದಳು.

"ಕೂತ್ಕಳೆ ಒಂದು ಗಳಿಗೆ. ನಿನ್ನ ಓಡಾಟ ನೋಡಿ ನಂಗೇ ತಲೆ ಸುತ್ತು ಬಂತು," ಎಂದರು ಅತ್ತೆ ರಾಜಲಕ್ಷ್ಮಮ್ಮ.

ಹಿಂದಿನ ದಿನ ಇದೇ ಅಡುಗೆಮನೆಯಲ್ಲಿ ಸೌಜನ್ಯ ತಾಲೀಮು ಮಾಡಿದ್ದಳು. ಅಕ್ಕಿ ಡಬ್ಬದ ಮೇಲೆ ಟಾರ್ಚು, ಅದರ ಮುಂದೆ ಸಣ್ಣ ತೂತಿನ ರಟ್ಟು. ತಂತಿಯ ಬಳೆ ಸಿಕ್ಕಿಸಿದ ಒಣ ಕಾಫಿಹಣ್ಣೊಂದನ್ನು ದಾರದಲ್ಲಿ ಇಳಿಬಿಟ್ಟು, ತೂತಿನ ಮುಂದೆ ನಿಧಾನಕ್ಕೆ ಹಾಯಿಸಿದಳು.

"ಹಣ್ಣು ನೋಡ್ಬೇಡಮ್ಮ, ಬೆಳಕು ಮಾತ್ರ ನೋಡು."

ಆ ಹಣ್ಣು ಪ್ಲೂಟೊಗಿಂತ ಆಚೆಗಿರುವ ಕ್ವಾವಾರ್ ಎಂಬ ಕುಬ್ಜ ಗ್ರಹ; ತೂತಿನ ಬೆಳಕು ಒಂದು ನಕ್ಷತ್ರ. ಗ್ರಹ ಅಡ್ಡ ಬಂದಾಗ ನಕ್ಷತ್ರ ಮರೆಯಾಗುತ್ತದೆ. ಅದಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬೆಳಕು ಚೂರೇ ಮಂಕಾಗಿದ್ದರಿಂದ ಗ್ರಹದ ಸುತ್ತ ಉಂಗುರವಿರುವುದು ಈಚೆಗೆ ಗೊತ್ತಾಯಿತಂತೆ. ಈಗ ಇನ್ನೊಂದು ಒಂಟಿ ಮಿಟುಕು ಸಿಕ್ಕಿದೆ, ಅದು ಹೊಸ ಚಂದ್ರನಿರಬಹುದಂತೆ.

"ದೊಡ್ಡದು ದಾಟ್ತಲ್ಲ ಅಂತ ಎದ್ದೋಗಿದ್ರೆ ಚಿಕ್ಕದು ಸಿಕ್ತಾನೇ ಇರ್ಲಿಲ್ಲಮ್ಮ."

"ಅಷ್ಟು ದೂರದ ಉಂಗುರ ಸಿಕ್ತು," ಎಂದಿದ್ದರು ರಾಜಲಕ್ಷ್ಮಮ್ಮ. "ನನ್ನ ಕಾಲುಂಗುರ ಈ ಮನೇಲೇ ಕಳ್ದೈತೆ, ಅದ್ನ ಹುಡುಕ್ಕೊಡಿ."

ಈಗ ಹೊತ್ತು ಮುಳುಗಿ ತೋಟವೆಲ್ಲ ಕಪ್ಪಾಗಿತ್ತು. ಕಿಟಕಿಯಿಂದ ಕೆಳಗೆ ಕಾಣುತ್ತಿದ್ದುದು ಒಂದೇ: ಪಂಪ್‌ಹೌಸಿನ ಬಾಗಿಲಲ್ಲಿ ಎದೆಮಟ್ಟಕ್ಕೆ ನೇತಾಡುವ ಬಲ್ಬು. ಸುಚಿತ್ರಾ ಕಾವಲಿಗೆ ರೊಟ್ಟಿ ಹಾಕುತ್ತಿದ್ದಾಗ ಫೋನು ಬಂತು.

"ಅಮ್ಮ, ಬಾಲಣ್ಣನ ಜೀಪಲ್ಲಿ ಬಂದೆ. ಇಳೀತಾ ಇದೀನಿ."

"ಬಾ ಮಗ," ಎನ್ನುವಷ್ಟರಲ್ಲಿ ಬಲ್ಬು ಆರಿತು. ರೊಟ್ಟಿ ಮಗುಚುವಷ್ಟು ಹೊತ್ತು ಕತ್ತಲು. ಮತ್ತೆ ಬೆಳಕು.

"ಕರೆಂಟು," ಎಂದರು ಅತ್ತೆ.

ಆದರೆ ಅಡುಗೆಮನೆಯ ದೀಪ ಅಲುಗಿರಲಿಲ್ಲ. ಎರಡಕ್ಕೂ ಬರುವುದು ಒಂದೇ ಕಂಬದಿಂದ.

"ಸೌಜಿ, ಇಳೀಬೇಡ. ಬಲ್ಬಿನ ಮುಂದೆ ಏನೋ ದಾಟ್ತು."

ಜೀಪಿನ ಬಾಲು ಫೋನು ಇಸಿದುಕೊಂಡ. "ಅಕ್ಕ, ಇಲ್ಲೇನೂ ಕಾಣಲ್ಲ. ಬಂದಿದ್ರೂ ಇಷ್ಟೊತ್ಗೆ ಹೋಗ್ಬುಟ್ಟಿರ್ತದೆ. ಹಾರ್ನ್ ಹೊಡೀತೀನಿ, ಇವ್ಳು ಓಡ್ಬುಡ್ಲಿ."

"ಹಾರ್ನೂ ಬೇಡ, ಓಡದೂ ಬೇಡ. ಬಾಗ್ಲು ತೆಗೀಬೇಡ ಮಾರಾಯ."

"ನಂಗೆ ಇನ್ನೊಂದು ಬಾಡಿಗೆ ಐತೆ ಕಣಕ್ಕ."

"ಕಾಯ್ಲಿ ಬಿಡು."

ಬಲ್ಬು ಉರಿಯುತ್ತಲೇ ಇತ್ತು. ನೋಡಿ ನೋಡಿ ಸುಚಿತ್ರಾಳ ಕಣ್ಣಲ್ಲಿ ನೀರು ಬಂತು.

"ರೊಟ್ಟಿ ಸೀದೋಗ್ತಾ ಐತೆ ಕಣೆ," ಎಂದರು ಅತ್ತೆ. ಅವಳು ತಿರುಗಲಿಲ್ಲ.

"ಅಮ್ಮ, ಹೋಗಿರ್ತದೆ. ಬರ್ಲಾ?" ಸೌಜನ್ಯಳ ದನಿ ಹಸಿದು ಸೋತಿತ್ತು.

ಬಾ ಎನ್ನಲು ಬಾಯಿ ತೆರೆದ ಸುಚಿತ್ರಾ ತಡೆದುಕೊಂಡಳು. "ಇರು. ದೊಡ್ಡದು ದಾಟಿದ ಮೇಲೂ ನೋಡ್ಬೇಕು ಅಂದವ್ಳು ನೀನೇ ಅಲ್ವಾ."

ಬಲ್ಬು ಮಿಟುಕಿತು. ರೆಪ್ಪೆ ಬಡಿದಷ್ಟೇ.

ಸುಚಿತ್ರಾ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು. "ಬಾಲು, ಚಿಕ್ಕದೊಂದು ಬಂತು. ಅಲ್ಲಾಡ್ಬೇಡಿ."

ತುಸು ಹೊತ್ತಿನ ಮೇಲೆ ಬಾಲು ಉಸಿರಲ್ಲೇ ಹೇಳಿದ: "ಮರಿ ಅಕ್ಕ. ಈಗ ರಸ್ತೆಗೆ ಬಂತು. ತಾಯಿ ಆಚೆ ಬಿದಿರು ಮೆಳೇಲಿ ನಿಂತ್ಕಂಡೈತೆ. ಎರಡರ ಮಧ್ಯ ಇವ್ಳು ಇಳ್ದಿದ್ರೆ..." ಆಮೇಲೆ ಎಂದ, "ಹಿಂದಕ್ಕೆ ತಗೀತೀನಿ. ದೂರ ಆದ್ರೂ ಆಗ್ಲಿ, ಮೇಲಿನ ದಾರೀಲಿ ಸುತ್ತಿ ಮನೆ ಬಾಗ್ಲಿಗೇ ತಂದು ಬುಡ್ತೀನಿ."

ಜೀಪು ಅಂಗಳಕ್ಕೆ ಬಂದದ್ದು ಕೇಳಿಸಿತು. ಸೌಜನ್ಯ ಒಳಗೆ ಬಂದು ತಾಯಿಯ ಬೆನ್ನಿಗೆ ಒರಗಿ ನಿಂತಳು. ಸುಚಿತ್ರಾ ಹಿಂದಕ್ಕೆ ಕೈಚಾಚಿ ಅವಳ ತಲೆ ಸವರಿದಳು. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು.

"ಬಂದ್ಲಲ್ಲ, ಇನ್ನೇನು ನೋಡ್ತೀಯೆ?" ಎಂದರು ರಾಜಲಕ್ಷ್ಮಮ್ಮ.

"ಇನ್ನೊಂದು ಇದ್ರೆ ಅತ್ತೆ? ಬಾಲು ಆ ಬಾಡಿಗೆಗೆ ಕೆಳಗಿನ ರಸ್ತೇಲೇ ಹೋಗ್ಬೇಕಲ್ಲ."

ಸೌಜನ್ಯ ಬಾಗಿಲಿಗೆ ಹೋಗಿ, "ಬಾಲಣ್ಣ, ಒಳಗೆ ಬನ್ನಿ, ಊಟ ಮಾಡ್ಕಂಡು ಹೋಗಿ," ಎಂದು ಕರೆದಳು. ಸೀದ ರೊಟ್ಟಿ ತೆಗೆದು ಬದಿಗಿಟ್ಟು ಹೊಸ ಹಿಟ್ಟು ತಟ್ಟತೊಡಗಿದಳು. ಸುಚಿತ್ರಾ ಕಿಟಕಿ ಬಿಟ್ಟು ಕದಲಲಿಲ್ಲ.