ಮೋಡ ಮುಚ್ಚಿದ ಮೂರು ವರ್ಷ

ಕಚೇರಿಯಲ್ಲಿ ಎಲ್ಲರೂ ಅವಳನ್ನು ನಕ್ಷೆಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ: ಉಪಗ್ರಹದ ಚಿತ್ರಗಳಲ್ಲಿ ಕಾಡು ಎಲ್ಲಿ ಬೋಳಾಯಿತೆಂದು ನೋಡುವುದು, ಬಿದ್ದ ಮರಗಳಿಂದ ಎಷ್ಟು ಟನ್ ಇಂಗಾಲ ಗಾಳಿಗೆ ಸೇರಿತೆಂದು ಲೆಕ್ಕ ಹಾಕುವುದು, ನಾಲ್ಕು ವಲಯಗಳನ್ನು ವರ್ಷವಾರು ಹೋಲಿಸುವುದು. ನೋಡಿ ನೋಡಿ ಕಣ್ಣುಗಳು ಸೋತು ಸುಣ್ಣವಾಗಿದ್ದವು. ಇವಳು ನೋಡುತ್ತಾಳೆಂದು ಕಡಿಯುವವರೇನೂ ಕೊಡಲಿ ಕೆಳಗಿಟ್ಟಿರಲಿಲ್ಲ, ಆ ಮಾತು ಬಿಡಿ.

ಈ ಸಲ ಲೆಕ್ಕದ ಪಟದಲ್ಲಿ ಮೂರು ವಲಯಗಳ ನಷ್ಟದ ಗೀಟು ಇಳಿದಿತ್ತು. ಪೂರ್ವ ವಲಯದ್ದು ಮಾತ್ರ ಹೋದ ವರ್ಷ ಒಮ್ಮೆಲೇ ಮೇಲೆ ಹಾರಿತ್ತು. ಅಲ್ಲಿನ ಕಾವಲುಗಾರನನ್ನು ಮನೆಗೆ ಕಳಿಸಿ ಎಂದು ಮೇಲಿನವರು ಹೇಳಿಯಾಗಿತ್ತು. ಆ ಕಾವಲುಗಾರ ಅವಳ ತಮ್ಮ. ಅಲ್ಲಿ ಕಾವಲುಗಾರನಾಗಿದ್ದ ಅಪ್ಪ ನಿವೃತ್ತನಾದ ಮೇಲೆ ಅದೇ ಕೆಲಸಕ್ಕೆ ಸೇರಿ ಒಂದೇ ವರ್ಷವಾಗಿತ್ತು.

"ನಾನು ಕಾಲಿಟ್ಟಾಗಲೇ ಆ ಗುಡ್ಡ ಬೋಳಾಗಿತ್ತು ಕಣಕ್ಕಾ," ಎಂದಿದ್ದ ಫೋನಿನಲ್ಲಿ. "ಯಾರು ನಂಬ್ತಾರೆ? ಅಪ್ಪನೇ ನಂಬಲ್ಲ."

ಅವಳು ಹಳೆಯ ಚಿತ್ರಗಳನ್ನು ತೆಗೆದಳು. ತಮ್ಮ ಸೇರುವುದಕ್ಕೂ ಹಿಂದಿನ ಮೂರು ವರ್ಷ ಆ ಗುಡ್ಡದ ಮೇಲೆ ಬರೀ ಬಿಳಿ. ಚಿತ್ರ ತೆಗೆದ ದಿನಗಳಲ್ಲೆಲ್ಲ ಮೋಡ. ಮೋಡವಿದ್ದ ಕಡೆ ಹಿಂದಿನ ವರ್ಷದ ಬಣ್ಣವನ್ನೇ ತುಂಬಬೇಕೆಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಯಮ ಬರೆದವಳು ಅವಳೇ. ಹೀಗಾಗಿ ಮೂರು ವರ್ಷ ಕಡಿದದ್ದೆಲ್ಲ ಆಕಾಶ ತೆರೆದ ವರ್ಷದ ತಲೆಗೆ ಬಂದಿತ್ತು.

ಮೇಲಧಿಕಾರಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. "ಸರಿಯಮ್ಮಾ, ಆದ್ರೆ ಅಲ್ಲಿರೋನು ನಿಮ್ಮ ತಮ್ಮ. ಜನ ಏನಂತಾರೆ? ನೆಲದ ಮೇಲೆ ಇದ್ದವರ ಸಾಕ್ಷಿ ತನ್ನಿ. ನಾಳೆ ಮಧ್ಯಾಹ್ನದವರೆಗೆ ಟೈಮಿದೆ."

ಆ ಮೂರು ವರ್ಷ ನೆಲದ ಮೇಲಿದ್ದವನು ಅಪ್ಪ. ವಾರ ವಾರವೂ ಅವನು ಗಸ್ತು ಪುಸ್ತಕದಲ್ಲಿ ಬರೆದದ್ದು ಒಂದೇ ಮಾತು: ಕಾಡು ಸುರಕ್ಷಿತ.

ಸಂಜೆ ಮನೆಗೆ ಬಂದಾಗ ಅಪ್ಪ ಕಿಟಕಿಯ ಬಳಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ. "ನನ್ನ ಕಾಲದಲ್ಲಿ ಒಂದು ಕಡ್ಡಿ ಅಲುಗಾಡಲಿಲ್ಲ. ಇವನು ಒಂದೇ ವರ್ಷದಲ್ಲಿ ಮಾನ ಕಳೆದ," ಎಂದು ಶುರು ಮಾಡಿದ. ತಿಂಗಳಿಂದ ಇದನ್ನು ಕೇಳಿ ಕೇಳಿ ಅವಳಿಗೆ ಸಾಕುಸಾಕಾಗಿತ್ತು. ಹೆಗಲ ಚೀಲ ಇಳಿಸಿ, ಚಿತ್ರಗಳನ್ನು ಅವನ ತೊಡೆಯ ಮೇಲಿಟ್ಟಳು.

"ಮೂರು ವರ್ಷ ಇಲ್ಲಿ ನನಗೆ ಏನೂ ಕಾಣಿಸ್ಲಿಲ್ಲ ಅಪ್ಪ. ಕಾಣದೆ ಹೋದ್ದಕ್ಕೆ ಹಳೇ ಹಸಿರನ್ನೇ ಹಚ್ಚಿಬಿಟ್ಟೆ. ತಪ್ಪು ನಂದು."

ಅಪ್ಪ ಬೈಯಲಿಲ್ಲ. ಚಿತ್ರದ ಬಿಳಿಯ ಮೇಲೆ ಬೆರಳಿಟ್ಟ.

"ಮಂಡಿ ಹೋದ್ಮೇಲೆ ಆ ಗುಡ್ಡ ಹತ್ತಲೇ ಇಲ್ಲ ಕಣಮ್ಮಾ," ಎಂದ. "ಹೋದ ವಾರ ಬರೆದದ್ದನ್ನೇ ಈ ವಾರವೂ ಬರೀತಿದ್ದೆ. ಗರಗಸದ ಸದ್ದು ಮಾತ್ರ ಕೇಳ್ತಿತ್ತು."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನು ಮಾಡಿದ್ದೂ ಇದನ್ನೇ ಅಲ್ಲವೇ, ಸಂಬಳ ತೆಗೆದುಕೊಂಡು, ಫ್ಯಾನಿನ ಕೆಳಗೆ ಕೂತು.

"ಬರೆದು ಕೊಡ್ತೀಯಾ?" ಎಂದು ಕೇಳಿದಳು. "ನೀನು ಗುಡ್ಡ ಹತ್ತದೇ ಬರೆದದ್ದು ಎಲ್ಲರಿಗೂ ಗೊತ್ತಾಗುತ್ತೆ."

"ಕನ್ನಡಕ ಎಲ್ಲಿಟ್ಟೆ ನೋಡು."

ಮೂರು ವರ್ಷ ಯಾವ ಯಾವ ತಿಂಗಳು ಸದ್ದು ಕೇಳಿತೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಎಲ್ಲವನ್ನೂ ಬರೆದು ಸಹಿ ಹಾಕಿದ.

ಮರುದಿನ ಮೇಲಧಿಕಾರಿ ಆ ಕಾಗದ ಒಪ್ಪಿಕೊಂಡರು; ಪೂರ್ವ ವಲಯದ ಹೋದ ವರ್ಷದ ಗೀಟು ಇಳಿಯಿತು, ಹಿಂದಿನ ಮೂರು ವರ್ಷಗಳು ಅಷ್ಟಷ್ಟು ಏರಿದವು. ಒಟ್ಟು ಮೊತ್ತದಲ್ಲಿ ಒಂದು ಟನ್ನೂ ಕಡಿಮೆಯಾಗಲಿಲ್ಲ. ಹಳೆಯ ನಿಯಮದ ಕೆಳಗೆ ತನ್ನ ತಪ್ಪನ್ನೂ ಬರೆದು ಮನೆಗೆ ಬಂದಳು.

ಆಗಲೇ ಫೋನು ಬಡಿದುಕೊಳ್ಳತೊಡಗಿತು. ತಮ್ಮ. ಅವಳು ಎತ್ತುವ ಮೊದಲೇ ಅಪ್ಪ ಕೈ ಚಾಚಿದ.

"ಇಲ್ಲಿ ಕೊಡು," ಎಂದ. "ಅವನಿಗೆ ನಾನೇ ಹೇಳ್ತೀನಿ."