ಹನ್ನೆರಡು ಮಂದಿ ತುಂಬಿಸಿದ ಕ್ಯಾನು

ನಾವು ದುಡಿಯಾಕ ಹೋದ ತೆಲುಗು ಸೀಮಿಯ ಮಾದಾಪುರದಾಗ ಕಂಪ್ಯೂಟರ್ ಕಂಪನಿಗೋಳು ನಾಯಿಕೊಡಿಯಂಗ ಏಳಾಕತ್ತಿದ್ವಲ್ಲ, ಆವಾಗಿನ ಮಾತು. ಆ ಗಾಜಿನ ಬಿಲ್ಡಿಂಗು ಕಟ್ಟಿದವ್ರು ನಾವೇ. ಎಷ್ಟು ಎತ್ತರ ಅಂದ್ರ, ಮ್ಯಾಲಿಂದ ಉಗುಳಿದ್ರ ಕೆಳಗ ಬರೋದ್ರಾಗ ಒಣಗತಿತ್ತು. ಅಂಥಾದರ ಎಂಟನೇ ಅಂತಸ್ತಿನಿಂದ ಬಿದ್ದಾಂವ ನಾನು.

"ಒಂದನೇದರಿಂದ," ಅಂತಾಳ ಅಲ್ಲೇ ಉಸುಕು ಹೊರತಿದ್ದ ನನ್ನ ಹೆಂಡ್ತಿ ಸುಗಲಮ್ಮ. ಇರ್ಲಿ. ಬಿದ್ದದ್ದಂತೂ ಖರೆ.

ಪಕ್ಕೆಲುಬು ಮುರದೈತೇನಂತ ದವಾಖಾನ್ಯಾಗ ಸ್ಕ್ಯಾನ್ ಮಾಡಿದ್ರು. ಎಲುಬು ಗಟ್ಟಿ ಇದ್ವು. ಆದ್ರ ಒಳಗ ಹುಣಸಿಬೀಜದಷ್ಟು ಒಂದು ಗಂಟು ಕಂಡ್ತು. ಡಾಕ್ಟರ್ ಕಮಲಾಕ್ಷಿ ಮೈಸೂರ ಕಡಿಯವ್ರು, ಕನ್ನಡದಾಗೇ ಹೇಳಿದ್ರು.

"ಅಮರೇಶಪ್ಪ, ಕಿಡ್ನಿ ಮೇಲೆ ಟೋಪಿ ಹಾಗೆ ಒಂದು ಗ್ರಂಥಿ ಇರುತ್ತೆ. ಗಂಟು ಅದರಲ್ಲಿದೆ. ಸುಮ್ನೆ ಕೂತಿದ್ರೆ ತೊಂದ್ರೆ ಇಲ್ಲ. ರಕ್ತಕ್ಕೆ ಹಾರ್ಮೋನು ಏನಾದ್ರೂ ಸುರೀತಿದ್ರೆ ಬಿಪಿ ಏರುತ್ತೆ, ಆಗ ಕೊಯ್ದು ತೆಗೀಬೇಕು. ರಕ್ತ ಕೊಟ್ಟು ಹೋಗಿ. ಒಂದು ದಿನದ ಉಚ್ಚೆ ಪೂರ್ತಿ ಈ ಕ್ಯಾನಲ್ಲಿ ಹಿಡಿದು ತನ್ನಿ."

ನಮ್ಮ ಮೇಸ್ತ್ರಿ ಲಿಂಗಣ್ಣ ಅಂದ: "ಡಾಕ್ಟರ್ ಚೀಟಿ ಬರೋತನ ಮ್ಯಾಲ ಹತ್ತಬ್ಯಾಡ. ಹೆಂಗಸರ ಜೋಡಿ ಉಸುಕಿಗೆ ಜರಡಿ ಹಿಡಿ."

ಗ್ವಾಡಿಗೆ ಕಟ್ಟಿದ ಬಿದಿರಿನ ಸಾರವಿ ಮ್ಯಾಲ ಮಂಗ್ಯಾನಂಗ ಓಡಾಡಾಂವಗ ಜರಡಿ!

ಕ್ಯಾನ್ ನೋಡಿದ್ರ ಐದು ಲೀಟರಿಂದು. ಒಬ್ಬಾಂವ ತುಂಬಿಸೋದು ಆಗೋ ಮಾತಾ? ಊರಾಗ ಒಬ್ಬರ ಹೊಲದ ಕಸ ತಗಿಯಾಕ ಹತ್ತು ಮಂದಿ ಮುಯ್ಯಾಳು ಬರತಾರ, ನಾಳಿ ಅವರ ಹೊಲಕ್ಕ ನಾವು ಹೋಗತೀವಿ. ಹಂಗೇ ಗ್ಯಾಂಗಿನವರೆಲ್ಲಾ ಬಂದ್ರು. "ಗೆಳ್ಯಾಗ ಇಷ್ಟೂ ಮಾಡಬಾರದೇನಪಾ?" ಅಂತ ನನ್ನ ಜೋಡಿ ಗೌಂಡಿ ಚನ್ನು ಲುಂಗಿ ಎತ್ತಿದ. ಮೇಸ್ತ್ರಿನೂ ತನ್ನ ಪಾಲು ಹಾಕಿದ. ಮಧ್ಯಾಹ್ನದ ಬುತ್ತಿ ಬಿಚ್ಚೋದ್ರಾಗ ಕ್ಯಾನ್ ಭರ್ತಿ.

ಮರುದಿನ ಡಾಕ್ಟ್ರು ಕ್ಯಾನ್ ನೋಡಿ, ನನ್ನ ನೋಡಿ, "ನೀವು ಮನುಷ್ಯರೋ, ಬೋರ್‌ವೆಲ್ಲೋ?" ಅಂದ್ರು.

"ಹನ್ನೆರಡು ಮಂದಿ ಮುಯ್ಯಿ ಮಾಡ್ಯಾರ್ರೀ."

"ಸರಿ. ಇದರಲ್ಲಿ ದೋಷ ಸಿಕ್ರೆ ಯಾರ ಹೊಟ್ಟೆ ಕೊಯ್ಲಿ, ಹೇಳಿ?"

ಜೋಡಿ ಬಂದಿದ್ದ ಲಿಂಗಣ್ಣ ಎರಡೂ ಕೈಲೆ ಹೊಟ್ಟಿ ಹಿಡಕೊಂಡ. "ಚೆಲ್ಲಿಬಿಡ್ರಿ ಅಕ್ಕಾರ! ಇವಂದೊಂದೇ ತರತೀವಿ."

ಎರಡನೇ ಕ್ಯಾನಿಗೆ ಸುಗಲಮ್ಮನ ಕಾವಲು. ಚನ್ನು ಹಂತ್ಯಾಕ ಬಂದ್ರ ಸಲಿಕಿ ಎತ್ತತಿದ್ಲು. "ನಿನ್ನ ಹನಿ ಬಿದ್ದು ನನ್ನ ಗಂಡನ ಹೊಟ್ಟಿ ಕೊಯ್ದ್ರ? ದೂರ ಸರಿ!" ಬೆಳಗಿನ ಮೊದಲಿಂದು ಚೆಲ್ಲಿ, ಮರುದಿನ ಬೆಳಗಿನತನ ಹಿಡಿದ್ವಿ. ಬರೇ ಒಂದೂವರೆ ಲೀಟರ್. ಮರ್ಯಾದಿ ಹೋತು.

ಎಂಟು ದಿನ ಜರಡಿ ಹಿಡದೆ. ಮ್ಯಾಲಿಂದ ಚನ್ನು, "ಅಮರೇಶಕ್ಕಾ, ಸಣ್ಣ ಉಸುಕು ಕಳಸವಾ!" ಅಂತ ಕೂಗತಿದ್ದ. ನಾನೂ ನಕ್ಕೆ. ಆದ್ರ ಹೊಟ್ಟಿ ಮುಟ್ಟಿ ಮುಟ್ಟಿ ನೋಡಕೊಂಡು ಅಂಗಿ ಹೊಲಸಾಗಿತ್ತು.

"ಏನೂ ಸುರೀತಿಲ್ಲ," ಅಂದ್ರು ಡಾಕ್ಟ್ರು, ರಿಪೋರ್ಟ್ ನೋಡಿ. "ಕೊಬ್ಬಿನ ಗಂಟು. ಕೊಯ್ಯೋದು ಬೇಡ. ವರ್ಷ ಬಿಟ್ಟು ಇನ್ನೊಂದ್ಸಲ ಸ್ಕ್ಯಾನ್ ಮಾಡೋಣ."

"ಮತ್ಯಾಕ ಬಂತ್ರಿ ಅದು?"

"ಬರುತ್ತೆ. ಎಷ್ಟೋ ಜನಕ್ಕಿರುತ್ತೆ, ಗೊತ್ತೇ ಆಗಲ್ಲ."

ದೇವರೂ ನಮ್ಮಂಥಾ ಗೌಂಡಿನೇ ನೋಡ್ರಿ. ಉಳಿದ ಸಿಮೆಂಟು ಕೈಗೆ ಸಿಕ್ಕಲ್ಲೆ ಒತ್ತಿ ಮನಿಗೆ ಹೋಗ್ಯಾನ.

ಲಿಂಗಣ್ಣ ಡಾಕ್ಟರ್ ಕೊಟ್ಟ ಚೀಟಿ ಕಿಸೆದಾಗ ಇಟಗೊಂಡು, "ಹತ್ತಲೇ," ಅಂದ. ಹತ್ತಿದೆ. ಮೂರನೇ ಅಂತಸ್ತಿನ್ಯಾಗ ಕಂಬ ತಬ್ಬಿ ನಿಂತೆ. ಕೆಳಗ ಸುಗಲಮ್ಮ ತಲಿ ಎತ್ತಿ ನೋಡಾಕತ್ತಿದ್ಲು. ಒಂದು ಸಿಳ್ಳಿ ಹೊಡದು ಮ್ಯಾಲ ಹೋದೆ.